ಹಗ್ಗದ ಆಚೆಯ ಮಡು

ನದಿಯ ಮೀನನ್ನು ಸರ್ಕಾರದವರು ಟೆಂಡರಿಗೆ ಹಾಕಿದರು. ಟೆಂಡರು ಹಿಡಿದವನು, ನೀರನ್ನು ತಾನೇ ಹುಟ್ಟಿಸಿದವನ ಹಾಗೆ, ಮಡುವಿನ ಸುತ್ತ ಹಗ್ಗ ಎಳೆಸಿದ. ಹಗ್ಗ ದಾಟಿದ ಎರಡು ತೆಪ್ಪಗಳನ್ನು ಅವನ ಆಳುಗಳು ಸುಟ್ಟರು. ಆಮೇಲೆ ಅತ್ತ ಯಾರೂ ಹೋಗಲಿಲ್ಲ.

ದಡದ ಗುಡಿಸಲಲ್ಲಿ ಅಂಬಿಗರ ದುರುಗಪ್ಪಜ್ಜ ಇದ್ದ. ಗಾಳ ಹಾಕುವುದರಲ್ಲಿ ಅವನಂಥವರಿರಲಿಲ್ಲ. ಮೂವತ್ತು ದಾಟಿದ ಸೋಮಲಿಂಗ ಅವನ ಶಿಷ್ಯ.

ಒಂದು ಬೆಳಿಗ್ಗೆ ಅಜ್ಜ ಸೋಮಲಿಂಗನನ್ನು ಕೂರಿಸಿಕೊಂಡು ತೆಪ್ಪವನ್ನು ನೇರ ಹಗ್ಗದ ಕಡೆಗೆ ನಡೆಸಿದ. ಹಗ್ಗ ಎತ್ತಿ, ಕೆಳಗೆ ನುಸುಳಿ, ಮಡುವಿನ ನಡುವೆ ನಿಲ್ಲಿಸಿದ.

"ಅಜ್ಜಾ, ಇದು ಬ್ಯಾಡ."

"ಬಾಳೆಮೀನು ಎಲ್ಲಿರ್ತೈತಿ?"

"ಮಡುವಿನ್ಯಾಗ."

"ಮತ್ತ?"

ಸೋಮಲಿಂಗ ಗಾಳಕ್ಕೆ ಮರಿಮೀನು ಚುಚ್ಚಿ ನೀರಿಗೆ ಬಿಟ್ಟ. ಅವನ ಕಣ್ಣು ಆಚೆ ದಡದಲ್ಲಿದ್ದ ಟೆಂಡರಿನವನ ಮೋಟಾರ್ ದೋಣಿಯ ಮೇಲಿತ್ತು.

ಬಿಸಿಲೇರುವುದರೊಳಗೆ ಅಜ್ಜ ಮೂರು ಮೀನು ಎಳೆದ.

"ನಿನ್ನ ಗಾಳ ಉಪಾಸ ಹಿಡಿದೈತೇನು?" ಎಂದು ಕೆಣಕಿದ.

ಆಗಲೇ ಸೋಮಲಿಂಗನ ದಾರಕ್ಕೆ ಎಳೆತ ಬಿತ್ತು. ಅವನು ಮುಗ್ಗರಿಸಿದ. ತೆಪ್ಪ ವಾಲಿ ನೀರು ಒಳಗೆ ನುಗ್ಗಿತು.

ದಾರವನ್ನು ಒಂದೇ ಬೆರಳ ಮೇಲೆ ಹಿಡಿಯಬೇಕು. ದೊಡ್ಡ ಮೀನು ಎಳೆದರೆ ಬಿಟ್ಟುಕೊಡಬೇಕು. ಇವನು ಅಂಗೈಗೆ ನಾಲ್ಕು ಸುತ್ತು ಸುತ್ತಿಕೊಂಡಿದ್ದ. ದಾರ ಮಾಂಸಕ್ಕಿಳಿದಿತ್ತು.

ಅಜ್ಜ ಚೂರಿಯಿಂದ ದಾರ ಕೊಯ್ದ. ತೆಪ್ಪ ನೆಟ್ಟಗಾಯಿತು.

"ಯಾಕ ಸುತ್ತಿದಿ?"

"ಕೈ ನಡುಗಾಕತ್ತಿತ್ತು. ಜಾರಿ ಹೋದೀತು ಅಂತ."

"ನಡುಗೋ ಕೈಯಾಗೂ ಮೀನು ಹಿಡೀಬಹುದು. ಕಟ್ಟಿಕೊಂಡ್ರ ಮೀನೇ ನಿನ್ನ ಹಿಡಿತೈತಿ."

ಆಚೆ ದಡದಲ್ಲಿ ಮೋಟಾರ್ ಶುರುವಾಯಿತು. ದೋಣಿಯಲ್ಲಿ ಇಬ್ಬರು. ಇಬ್ಬರ ಕೈಯಲ್ಲೂ ಬಡಿಗೆ.

"ಅಜ್ಜಾ, ಹೋಗೋಣ. ಮೊದಲು ನಮ್ಮನ್ನ ಬಡೀತಾರ, ಆಮ್ಯಾಲ ತೆಪ್ಪ ಸುಡ್ತಾರ."

"ಇವತ್ತು ನಾವು ಓಡಿದ್ರ ನಾಳೆ ಈ ಮಡುವಿಗೆ ಯಾರು ಬರ್ತಾರ?"

"ಹಂಗಾರ ಅಂಜಿಕಿ ಹೋಗೋ ದಾರಿ ಹೇಳು. ಕೂಡ್ತೀನಿ."

"ಗೊತ್ತಿದ್ರ ಹೇಳ್ತಿದ್ದೆ."

ಅಜ್ಜ ಹೊಸ ಗಾಳ ಕಟ್ಟತೊಡಗಿದ. ಎಂಥ ಗಾಳಿಯಲ್ಲೂ ಒಂದೇ ಸಲಕ್ಕೆ ಗಂಟು ಬಿಗಿಯುತ್ತಿದ್ದವನು ಎರಡು ಸಲ ತಪ್ಪಿದ. ಮೂರನೆಯ ಸಲ ಬಿಗಿದು, ದಾರವನ್ನು ಶಿಷ್ಯನ ಮುಂದೆ ಹಿಡಿದ.

ಸೋಮಲಿಂಗ ರಕ್ತವನ್ನು ಲುಂಗಿಗೆ ಒರೆಸಿಕೊಂಡ. ದಾರವನ್ನು ಬೆರಳ ಮೇಲೆ ಹಾಕಿಕೊಂಡು ಕೂತ.

ದೋಣಿ ಬಂದು ತೆಪ್ಪಕ್ಕೆ ಗುದ್ದಿತು.

"ಯಾರನ್ನ ಕೇಳಿ ಒಳಗ ಬಂದ್ರಲೇ?" ಎಂದ ಒಬ್ಬ.

ಸೋಮಲಿಂಗ ಗುರುವಿನ ಮುಖ ನೋಡಿದ.

"ನೀನ ಹೇಳು ತಮ್ಮಾ," ಎಂದ ಅಜ್ಜ, "ನನ್ನ ಬಾಯಿ ಒಣಗೈತಿ."