ಸಭೆಯಲ್ಲಿ ಯಾರೂ ಬೇಡ ಎನ್ನಲಿಲ್ಲ

"ಅವ್ವಾ, ಎಲ್ಲರೂ ಒಪ್ಪಿದ ಮೇಲೂ ಇನ್ನೂ ಕಾಯಬೇಕೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಗಳನ್ನು ನೋಡಿಕೊಳ್ಳುವವನು. ಎಲ್ಲ ಶಾಲೆಗಳಿಗೂ ಒಂದೇ ಬಗೆಯ ಕಂಪ್ಯೂಟರು, ಒಂದೇ ಕ್ರಮ ಎಂದು ಯೋಚಿಸಿದ್ದ. ಮೇಷ್ಟ್ರುಗಳನ್ನು ಕರೆದು ಕೇಳಿದ್ದ. ಒಬ್ಬರೂ ಬೇಡ ಎಂದಿರಲಿಲ್ಲ.

ಅವನ ಗುರು ನೀಲಗಂಗವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಒಂದು ಕಥೆ ಹೇಳತೊಡಗಿದಳು.

ಒಂದು ಸೀಮೆಯಲ್ಲಿ ಒಬ್ಬ ಅಧಿಕಾರಿ ಇದ್ದಳು. ಸರಕಾರದ ಕಚೇರಿಗಳ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಗೆ ಬಂದಿದ್ದವು. ಹೆಣ್ಣು ಚುರುಕು. ಕೈ ಶುದ್ಧ. ಕೈ ಶುದ್ಧ ಇದ್ದವರ ಮೇಲೆ ಜನರ ಬಾಯಿ ಜಾಸ್ತಿ, ಅದನ್ನು ಆಮೇಲೆ ಹೇಳುತ್ತೇನೆ.

ಆ ಸೀಮೆಯಲ್ಲಿ ಕಚೇರಿಗೊಂದು ನಮೂನೆಯ ಕಂಪ್ಯೂಟರು. ಒಂದು ಕಚೇರಿಯಲ್ಲಿ ಬರೆದ ಕನ್ನಡದ ಪತ್ರವನ್ನು ಇನ್ನೊಂದು ಕಚೇರಿಯಲ್ಲಿ ತೆರೆದರೆ ಅಕ್ಷರದ ಬದಲು ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದವು. ಅದಕ್ಕೆ ಇಲ್ಲಿ ಕಾಗದದ ಮೇಲೆ ಅಚ್ಚು ತೆಗೆಯುವುದು, ಜವಾನನ ಕೈಲಿ ಅಲ್ಲಿಗೆ ಕಳಿಸುವುದು, ಅಲ್ಲಿಯವರು ಕೂತು ಅದನ್ನೇ ಮತ್ತೆ ಟೈಪು ಮಾಡುವುದು. ಇದಕ್ಕೆ ಅವರು ಕಂಪ್ಯೂಟರಿನ ಆಡಳಿತ ಎಂದು ಹೆಸರಿಟ್ಟಿದ್ದರು.

ಅಧಿಕಾರಿ ನೋಡಿ ನೋಡಿ ಬೇಸತ್ತಳು. ಎಲ್ಲ ಮೇಜಿನ ಮೇಲೂ ಒಂದೇ ಬಗೆಯ ಯಂತ್ರ, ಒಂದೇ ಬಗೆಯ ಅಕ್ಷರ ಇರಬೇಕು, ಸರಕಾರ ಗೊತ್ತು ಮಾಡಿದ್ದರ ಹೊರತು ಬೇರೆ ಯಾವ ತಂತ್ರಾಂಶವನ್ನೂ ಯಾರೂ ಹಾಕಿಕೊಳ್ಳಕೂಡದು ಎಂದು ಕರಡು ಬರೆದಳು. ಬರೆದು ಸುಮ್ಮನೆ ಜಾರಿಗೆ ತರಬಹುದಿತ್ತು. ತರಲಿಲ್ಲ. ಜನರೂ ನೌಕರರೂ ಬಂದು ಅಭಿಪ್ರಾಯ ಹೇಳಲಿ ಎಂದು ಪತ್ರಿಕೆಯಲ್ಲಿ ಹಾಕಿಸಿ ಸಭೆ ಕರೆದಳು. ಅಷ್ಟಾದರೂ ಮಾಡುವವರು ಎಷ್ಟು ಜನ ಇದ್ದಾರೆ, ಹೇಳು.

ಸಭೆ ತುಂಬಿತು. ವೇದಿಕೆಯ ಮೇಲೆ ಅವಳು, ಅವಳ ಅಕ್ಕಪಕ್ಕ ಎಲ್ಲ ಕಚೇರಿಗಳ ಸಾಹೇಬರು. ಕರಡು ಓದಿದಾಗ ಸಾಹೇಬರು ತಲೆಯಾಡಿಸಿದರು. ಕೆಳಗೆ ಕೂತ ಗುಮಾಸ್ತರು ಸಾಹೇಬರಿಗೆ ಕಾಣುವ ಹಾಗೆ ತಲೆಯಾಡಿಸಿದರು. ಹೊರಗಿನಿಂದ ಬಂದ ಜನ ಗುಮಾಸ್ತರನ್ನು ನೋಡಿ ತಾವೂ ಆಡಿಸಿದರು. ಅಲ್ಲಿ ಕಣ್ಣು ಕಾಣದ ಒಬ್ಬ ಟೈಪಿಸ್ಟ್ ಇದ್ದ. ಅವನನ್ನೂ ಎಬ್ಬಿಸಿ ಕೇಳಿದರು. ಬಹಳ ಒಳ್ಳೆಯದು ಎಂದು ಹೇಳಿ ಅವನು ಕೂತ. ಚಪ್ಪಾಳೆಯಾಯಿತು. ಎಲ್ಲರೂ ಒಪ್ಪಿದ್ದಾರೆ ಎಂದು ಅವಳು ಅಲ್ಲಿಂದಲೇ ಮಂತ್ರಿಗೆ ಫೋನು ಮಾಡಿದಳು. ಮಂತ್ರಿ ಉದ್ಘಾಟನೆಯ ಸಮಾರಂಭಕ್ಕೆ ದಿನವನ್ನೂ ಗೊತ್ತು ಮಾಡಿಬಿಟ್ಟ.

ಸಭೆಗೆ ತರಿಸಿದ್ದ ಚಹಾ ಸಾಹೇಬರಿಗೇ ಸಾಲಲಿಲ್ಲ. ಅವಳಿಗೆ ತಲೆ ಸಿಡಿಯುತ್ತಿತ್ತು. ಯಾರನ್ನೂ ಕಳಿಸದೆ ತಾನೇ ಗೇಟಿನ ಹೊರಗಿನ ಚಹಾದಂಗಡಿಗೆ ನಡೆದಳು.

ಗುಮಾಸ್ತರೆಲ್ಲ ಅಲ್ಲೇ ಸೇರಿದ್ದರು. ಒಳಗೆ ಮುಚ್ಚಿಕೊಂಡಿದ್ದ ಬಾಯಿಗಳು ಅಲ್ಲಿ ಬಿಚ್ಚಿದ್ದವು. ಏನು ಮಾತು ಅಂತೀಯ. ಕಂಪ್ಯೂಟರು ಮಾರುವ ವ್ಯಾಪಾರಿ ಅವಳಿಗೆ ರೇಷ್ಮೆ ಸೀರೆ ಕೊಡಿಸಿದ್ದಾನಂತೆ. ಗಂಡ ಬೇರೆ ಊರಿನಲ್ಲಿ ಇರುವುದು ಸುಮ್ಮನೆ ಅಲ್ಲವಂತೆ. ಅವಳ ಮೈದುನ ಆ ವ್ಯಾಪಾರಿಯ ಪಾಲುದಾರನಂತೆ. ಅವಳಿಗೆ ಮೈದುನನೇ ಇರಲಿಲ್ಲ, ತಮ್ಮಾ. ಆದರೆ ಇಂಥ ಸುದ್ದಿ ಕಾಲೂರಿ ನಿಲ್ಲಬೇಕಾದರೆ ಒಬ್ಬ ಮೈದುನ ಬೇಕೇ ಬೇಕು.

ಅವಳನ್ನು ಕಂಡದ್ದೇ ಎಲ್ಲರ ಬಾಯಿ ಕಟ್ಟಿತು. ಒಬ್ಬ ಆರಿದ ಚಹಾವನ್ನು ಊದುತ್ತ ನಿಂತ. ಮಾತು ನಿಲ್ಲಿಸದವನು ಒಬ್ಬನೇ, ಆ ಟೈಪಿಸ್ಟ್. ಅವನಿಗೆ ಅವಳು ಬಂದದ್ದು ಕಾಣುವುದು ಹೇಗೆ? ಉಳಿದವರು ಸುಮ್ಮನಾದದ್ದನ್ನು ತನ್ನ ಮಾತು ಕೇಳುವುದಕ್ಕೇ ಎಂದು ತಿಳಿದ. ಅವನ ಗೆಳೆಯ ಅಂಗಿ ಹಿಡಿದು ಜಗ್ಗಲು ಹೋದ. ಅವಳು ಬೇಡ ಎಂದು ಕೈಸನ್ನೆ ಮಾಡಿ, ಅದೇ ಬೆಂಚಿನ ತುದಿಯಲ್ಲಿ ಕೂತಳು.

ಅವನು ಹೇಳುತ್ತಿದ್ದ. ಅವನ ಕಂಪ್ಯೂಟರು ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದನ್ನು ಕೇಳಿಕೊಂಡು ಅವನು ಟೈಪು ಮಾಡುತ್ತಿದ್ದ. ಆ ತಂತ್ರಾಂಶವನ್ನು ಗೆಳೆಯನೇ ಹುಡುಕಿ ಹಾಕಿಕೊಟ್ಟದ್ದು, ಸರಕಾರ ಕೊಟ್ಟದ್ದಲ್ಲ. ಹೊಸ ಕ್ರಮ ಬಂದರೆ ಅದನ್ನು ತೆಗೆಯಬೇಕು. ಯಂತ್ರ ಮೂಕವಾಗುತ್ತದೆ. ಆಮೇಲೆ ತನ್ನನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸುತ್ತಾರೆ, ಸಂಬಳ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ, ಹೋಗುವವರು ಬರುವವರು ಅಯ್ಯೋ ಪಾಪ ಅನ್ನುತ್ತಾರೆ ಎಂದ. ಆ ಮಹಾತಾಯಿ ಇಷ್ಟು ದೊಡ್ಡ ಕರಡು ಬರೆದಳಲ್ಲ, ನನ್ನಂಥವನೊಬ್ಬ ಕಚೇರಿಯಲ್ಲಿ ಇದ್ದಾನೆ ಎಂಬುದೇ ಹೊಳೆಯಲಿಲ್ಲವೇ ಎಂದ. ಸೀರೆಯ ಸುದ್ದಿಯನ್ನೂ ಬಿಡಲಿಲ್ಲ. ಅವಳು ಎಲ್ಲವನ್ನೂ ಕೇಳಿದಳು.

ಅವನು ಮುಗಿಸಿದ ಮೇಲೆ ಅವಳು ಕೇಳಿದಳು: "ಇದನ್ನು ಸಭೆಯಲ್ಲಿ ಯಾಕೆ ಹೇಳಲಿಲ್ಲ?"

ದನಿಯ ಗುರುತು ಸಿಕ್ಕಿತು. ಅವನು ಲೋಟ ಕೆಳಗಿಟ್ಟು ಎದ್ದು ನಿಂತ. ಆದರೂ ಉತ್ತರ ಕೊಟ್ಟ.

"ಸಭೆಯಲ್ಲಿ ತಾವು ಇದ್ದಿರಲ್ಲ, ಮೇಡಂ."

ಬೇರೆಯವರಾಗಿದ್ದರೆ ಆ ಸಂಜೆಯೇ ಅವನನ್ನು ಸೀಮೆಯ ಕೊನೆಗೆ ಎತ್ತಿ ಹಾಕುತ್ತಿದ್ದರು. ಇವಳು ಅಲ್ಲೇ ಕೂತು ಮಂತ್ರಿಗೆ ಮತ್ತೆ ಫೋನು ಮಾಡಿದಳು. ಎಲ್ಲರೂ ಒಪ್ಪಿದ್ದಾರೆ ಎಂದು ತಾನು ಹೇಳಿದ್ದು ತಪ್ಪು, ಸಮಾರಂಭ ಮುಂದಕ್ಕೆ ಹಾಕಬೇಕು ಎಂದಳು. ಮಂತ್ರಿ ಬೈದದ್ದು ಬೆಂಚಿನ ಆ ತುದಿಗೂ ಕೇಳಿಸಿತು. ತನ್ನ ಕೈಕೆಳಗಿನವರು ಅಷ್ಟು ಜನ ನೋಡುತ್ತಿರುವಾಗ ಬೈಸಿಕೊಂಡಳು. ಎದೆಗಾರಿಕೆ ಅಂದರೆ ಅದು. ಮಾರನೆಯ ದಿನ ಊರಿನಲ್ಲಿ ಎದ್ದ ಸುದ್ದಿ ಏನು ಗೊತ್ತೇ? ವ್ಯಾಪಾರಿ ಕೊಟ್ಟದ್ದು ಸಾಲದೆ ಅವಳು ಕೆಲಸ ನಿಲ್ಲಿಸಿದ್ದಾಳೆ ಎಂದು. ಮೈದುನರು ಇಬ್ಬರಾದರು.

ಅವಳು ಮತ್ತೆ ಸಭೆ ಕರೆದಳು. ಈ ಸಲ ವೇದಿಕೆ ಇಲ್ಲ, ಸಾಹೇಬರು ಇಲ್ಲ, ತಾನೂ ಇಲ್ಲ. ಕಚೇರಿಗೆ ಸಂಬಂಧವೇ ಇಲ್ಲದ ಒಬ್ಬ ಹಳೆಯ ಮೇಷ್ಟ್ರನ್ನು ಕೂರಿಸಿದಳು. ಯಾರು ಹೇಳಿದರು ಎಂಬುದು ನನಗೆ ಬೇಡ, ಏನು ಹೇಳಿದರು ಎಂಬುದನ್ನಷ್ಟೇ ತನ್ನಿ ಎಂದಳು. ಬಂದದ್ದರಲ್ಲಿ ಮುಕ್ಕಾಲು ಪಾಲು ಬೈಗುಳ. ಅವಳು ಬೈಗುಳ ಬಿಡಿಸಿ ಬಿಡಿಸಿ ಒಳಗಿನದನ್ನು ತೆಗೆದುಕೊಂಡಳು. ಕರಡಿನಲ್ಲಿ ತನಗೆ ಇಷ್ಟವಾದ ಎಷ್ಟೋ ಮಾತುಗಳನ್ನು ತಾನೇ ಹೊಡೆದು ಹಾಕಿದಳು.

ಕ್ರಮ ತಡವಾಗಿ ಬಂತು. ಎಲ್ಲ ಮೇಜಿಗೂ ಒಂದೇ ಯಂತ್ರ, ಒಂದೇ ಅಕ್ಷರ. ಒಂದೊಂದು ಯಂತ್ರವೂ ಓದಿ ಹೇಳಬಲ್ಲದು. ಟೈಪಿಸ್ಟ್ ತನ್ನ ಕುರ್ಚಿಯಲ್ಲೇ ಉಳಿದ. ಸಮಾರಂಭಕ್ಕೆ ಮಂತ್ರಿ ಅವಳನ್ನು ಕರೆಯಲಿಲ್ಲ, ಸಾಹೇಬರೇ ನಿಂತು ಫೋಟೋ ತೆಗೆಸಿಕೊಂಡರು. ಅವಳು ಆ ದಿನವೂ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳಂತೆ.

ತನ್ನ ಮೇಷ್ಟ್ರುಗಳು ಹಾಗಲ್ಲ, ಮನಸ್ಸಿನಲ್ಲಿ ಇದ್ದದ್ದನ್ನು ತನ್ನ ಎದುರಿಗೇ ಹೇಳುವವರು ಎಂದು ಶಿಷ್ಯ ಹೇಳಿದ.

ನೀಲಗಂಗವ್ವ ಕೇಳಿದಳು: "ಅವರು ಚಹಾ ಕುಡಿಯುವುದು ಎಲ್ಲಿ, ತಮ್ಮಾ?"

ಶಿಷ್ಯನಿಗೆ ಗೊತ್ತಿರಲಿಲ್ಲ.