ಲೆನ್ಸಿಗೆ ಕಂಡ ಗೋಪುರ

ಫೋಟೋಗ್ರಾಫರ್ ಇಂದುಮತಿ ಗಡಿಯಾರ ಗೋಪುರದ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದಳು. ಅದರ ವೈಡ್ ಆಂಗಲ್ ಲೆನ್ಸ್ ಚೀರಿತು: "ಗೋಪುರ ಹಿಂದಕ್ಕೆ ಬೀಳುತ್ತಿದೆ!"

ಗೋಪುರದ ಗೂಡಿನಲ್ಲಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ ಪಾರಿವಾಳ ಎದ್ದು ನಿಂತಿತು.

ಗೋಡೆ ನೇರವಿದೆಯೇ ಎಂದು ನೋಡಲು ಗಾರೆಯವನು ಇಳಿಬಿಟ್ಟಿದ್ದ ತೂಗುಗುಂಡು ಹೇಳಿತು: "ತಾಯಿ, ಏಳಬೇಡ. ಗೋಪುರ ಕೂದಲೆಳೆಯಷ್ಟೂ ವಾಲಿಲ್ಲ. ಲೆನ್ಸೇ, ವಾಲಿರುವುದು ನಿನ್ನ ಮುಖ."

"ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ," ಎಂದಿತು ಲೆನ್ಸ್.

ಇಂದುಮತಿಗೆ ಗೋಪುರ ವಾಲಿದಂತೆ ಕಂಡ ಆ ಚಿತ್ರ ಹಿಡಿಸಲಿಲ್ಲ. ಅವಳು ಎದುರು ಕಟ್ಟಡದ ಮೂರನೇ ಮಹಡಿಗೆ ಹತ್ತಿ ಕ್ಯಾಮೆರಾವನ್ನು ಸಮಮಟ್ಟದಲ್ಲಿ ಹಿಡಿದಳು.

ಬುಡದಿಂದ ತುದಿಯವರೆಗೆ ಗೋಪುರ ನೆಟ್ಟಗೆ ನಿಂತಿತ್ತು.

"ಕೂತುಕೋ, ಪಾರಿವಾಳವೇ," ಎಂದಿತು ಲೆನ್ಸ್. "ಅಬ್ಬಾ, ಎಂಥ ನಿಲುವು! ಇದನ್ನೇ ನಾನು ಬೀಳುತ್ತಿದೆ ಎಂದು ಕೂಗಿದೆನೇ?"