ಸಂತೆಮಾಳದ ಕರಿ ಕಲ್ಲು

ಒಂದು ಮನೆ ಬೆಟ್ಟ ಹತ್ತಿ ಬಂತು. ಒಬ್ಬ ಮುದುಕಿ ಬೆಟ್ಟ ಇಳಿದು ಬಂದಳು. ಮನೆ ಜಾರದೆ ನಿಂತದ್ದೂ ಮುದುಕಿ ನೆಲೆಯೂರಿ ಕೂತದ್ದೂ ಒಂದೇ ಕಲ್ಲಿನಿಂದ. ಆ ಕಲ್ಲು ಈಗ ಎಲ್ಲಿದೆ?

ಒಡೆಯಲು ಕೂರಬೇಡಿ, ಆಗುವುದಿಲ್ಲ. ನನಗೂ ಆಗಲಿಲ್ಲ. ಈ ಒಗಟು ಹಾಕಿದವರು ನಮ್ಮ ಗುರುಗಳು. ಹಾಕಿದ್ದು ನಾನು ಅವರ ಬಾಗಿಲಿಗೆ ಬೂದುಗುಂಬಳಕಾಯಿ ಇಟ್ಟ ದಿನ.

ಗುರುಗಳ ಕೋಣೆಯ ಬಾಗಿಲು ಗಾಳಿಗೆ ಬಡಿಯದಿರಲೆಂದು ಅದಕ್ಕೊಂದು ಕರಿ ಕಲ್ಲು ಒತ್ತಿಟ್ಟಿರುತ್ತಾರೆ. ತಲೆಯ ಮೇಲೆ ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದ ಕಲ್ಲು. ನಾನು ಅದನ್ನು ಬಚ್ಚಿಟ್ಟು, ಅದರ ಜಾಗದಲ್ಲಿ ಕುಂಬಳಕಾಯಿ ಕೂರಿಸಿದೆ. ಪಾಠ ಶುರುವಾಯಿತು. ಗಾಳಿ ಬೀಸಿತು. ಕಾಯಿ ಉರುಳಿತು. ಗುರುಗಳು ‘ಚಿತ್ತ ಅಲುಗಬಾರದು’ ಎನ್ನುವುದಕ್ಕೂ ಬಾಗಿಲು ಧಡಾರೆನ್ನುವುದಕ್ಕೂ ಸರಿಹೋಯಿತು. ಅವರೇ ಬೆಚ್ಚಿಬಿದ್ದರು.

ಎಲ್ಲರೂ ನಕ್ಕರು. ಗುರುಗಳು ಬಾಗಿಲನ್ನು ನೋಡಿದರು, ಕಾಯಿಯನ್ನು ನೋಡಿದರು, ಆಮೇಲೆ ನೇರ ನನ್ನನ್ನೇ ನೋಡಿದರು.

“ಕಲ್ಲೆಲ್ಲಯ್ಯಾ?”

“ಗುರುಗಳೇ, ಹೊಳೆ ತುಂಬ ಕಲ್ಲು ಬಿದ್ದಿವೆ. ಇದು ಹೋದರೆ ಇನ್ನೊಂದು. ಒಂದು ಕಲ್ಲಿಗೆ ಇಷ್ಟು ಯಾಕೆ?” ಎಂದು ಕೇಳಿದೆ.

ಗುರುಗಳು ಪುಸ್ತಕ ಮುಚ್ಚಿದರು. ಒಗಟು ಹಾಕಿದರು. ಆಗ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ವ್ಯಾಪಾರ ಸಾಕೆನಿಸಿ ಅವನೊಂದು ದೊಡ್ಡ ವ್ಯಾನು ಕೊಂಡ. ಅದರೊಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಕಿಟಕಿಗೆ ಪರದೆ. ಜನ ಅದನ್ನು ಮನೆಗಾಡಿ ಎಂದರು. ಅದರಲ್ಲಿ ಅವನು ಬೆಟ್ಟದ ಊರುಗಳನ್ನು ಸುತ್ತಲು ಹೊರಟ. ಒಂದೂರಿನ ಸಂತೆಯಲ್ಲಿ ಜೇನು ಕೊಂಡ. ಇನ್ನೊಂದೂರಿನಲ್ಲಿ ಕಿತ್ತಳೆ ಕೊಂಡ. ಎಲ್ಲಿಯೂ ಎರಡು ದಿನ ನಿಲ್ಲಲಿಲ್ಲ. ಎಲ್ಲಿ ನಿಂತರೆ ಅಲ್ಲೇ ನನ್ನ ಮನೆ ಎಂದುಕೊಳ್ಳುತ್ತಿದ್ದ.

ಮೂರನೆಯ ಊರಿಗೆ ಬಂದಾಗ ಸಂಜೆಯಾಗಿತ್ತು. ಸಂತೆಮಾಳ ಬರಿದಾಗಿತ್ತು, ಇಳಿಜಾರಾಗಿತ್ತು. ಗಾಡಿಯ ಹ್ಯಾಂಡ್‌ಬ್ರೇಕನ್ನು ಅವನು ನಂಬಲಿಲ್ಲ. ಮಾಳದಲ್ಲಿ ಸಾಲಾಗಿ ಕಲ್ಲುಗಳು ಕೂತಿದ್ದವು. ಮೊದಲು ಕೈಗೆ ಸಿಕ್ಕ ಕರಿ ಕಲ್ಲನ್ನು ಎತ್ತಿ ತಂದು ಹಿಂದಿನ ಗಾಲಿಗೆ ಅಡ್ಡ ಕೊಟ್ಟ. ಕಲ್ಲು ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಗಾಡಿ ಅಲುಗಲಿಲ್ಲ. ವರ್ತಕ ನೆಮ್ಮದಿಯಾಗಿ ಮಲಗಿದ.

ಆ ಊರಿನಲ್ಲೊಂದು ಕಟ್ಟಳೆಯಿತ್ತು. ಸಂತೆಯಲ್ಲಿ ಮಾರುವವರು ತಮ್ಮ ತಮ್ಮ ಜಾಗದಲ್ಲಿ ಒಂದು ಕಲ್ಲು ಇಟ್ಟು ಹೋಗುತ್ತಿದ್ದರು. ಇನ್ನೊಬ್ಬರ ಕಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಲ್ಲಿದ್ದವರಿಗೆ ಜಾಗವಿದೆ. ಕಲ್ಲಿಲ್ಲದವರು ಹೊಸಬರು, ಅವರು ಮಾಳದ ಕೊನೆಯಲ್ಲಿ, ಚರಂಡಿಯ ಆಚೆ ಕೂರಬೇಕು. ಅಲ್ಲಿಗೆ ಗಿರಾಕಿ ಹೋಗುವುದಿಲ್ಲ, ನೊಣ ಹೋಗುತ್ತವೆ.

ಬೆಳಿಗ್ಗೆ ಒಬ್ಬ ಮುದುಕಿ ಬುಟ್ಟಿ ತುಂಬ ಗೆಣಸು ಹೊತ್ತು ಬೆಟ್ಟದ ಮೇಲಿನ ತನ್ನ ಹಾಡಿಯಿಂದ ಇಳಿದು ಬಂದಳು. ಬಸ್ಸು ನಿಲ್ಲುವ ಕಡೆಯ ಮೊದಲ ಜಾಗ ಅವಳದು. ಅಲ್ಲಿ ಒಬ್ಬ ಆಲೂಗಡ್ಡೆಯವನು ತಾಡಪಾಲು ಹಾಸಿ ಕೂತಿದ್ದ.

“ಏಳಪ್ಪಾ. ಇದು ನನ್ನ ಜಾಗ.”

“ಕಲ್ಲೆಲ್ಲಜ್ಜಿ? ಕಲ್ಲು ತೋರ್ಸು, ಈಗಲೇ ಏಳ್ತೀನಿ.”

ಮುದುಕಿ ಬುಟ್ಟಿ ಇಳಿಸಿ ಹುಡುಕಿದಳು. ತಾಡಪಾಲಿನ ಅಂಚು ಎತ್ತಿ ನೋಡಿದಳು. ಕಲ್ಲಿರಲಿಲ್ಲ.

“ನಮ್ಮತ್ತೆ ಅಡಿಕೆ ಕುಟ್ಟಿ ಕುಟ್ಟಿ ಗುಳಿ ಬೀಳಿಸಿದ ಕಲ್ಲು ಕಣೋ ಅದು. ಅವಳಾದ ಮೇಲೆ ನಾನು ಕುಟ್ಟಿದೀನಿ. ನಲವತ್ತು ವರ್ಷ ನೋಡಿದ ಮುಖ ನಿನಗೆ ಸಾಲ್ದಾ?”

“ಮುಖ ಎಲ್ಲರಿಗೂ ಇದೆ ಅಜ್ಜಿ. ನಂಗೂ ಒಂದಿದೆ, ನೋಡು.”

ಸುತ್ತಲಿನವರು ನಕ್ಕರು. ನಕ್ಕವರಲ್ಲಿ ಅರ್ಧ ಜನಕ್ಕೆ ಅದು ಅವಳ ಜಾಗವೆಂದು ಗೊತ್ತಿತ್ತು. ಆದರೂ ಯಾರೂ ಮಾತಾಡಲಿಲ್ಲ. ಕಲ್ಲಿಲ್ಲದೆ ಒಬ್ಬಳಿಗೆ ಜಾಗ ಬಿಡಿಸಿಕೊಟ್ಟರೆ, ನಾಳೆ ತಮ್ಮ ಕಲ್ಲಿಗೆ ಬೆಲೆಯೇನು? ಮುದುಕಿ ಬುಟ್ಟಿ ಎತ್ತಿಕೊಂಡು ಚರಂಡಿಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು.

ವರ್ತಕ ಗಾಡಿಯ ಕಿಟಕಿಯಲ್ಲಿ ಕಾಫಿ ಕುಡಿಯುತ್ತ ಇದೆಲ್ಲವನ್ನೂ ನೋಡಿದ. ಲೋಟ ಕೆಳಗಿಟ್ಟ. ಅವನು ಗಾಡಿ ಶುರುಮಾಡಿ ಮೇಲಿನ ಸಮತಟ್ಟು ರಸ್ತೆಗೆ ಹತ್ತಿಸಿ ನಿಲ್ಲಿಸಿದ. ನಡೆದು ಹಿಂದಕ್ಕೆ ಬಂದ. ಗಾಲಿ ನಿಂತಿದ್ದ ಕಡೆ ಕಲ್ಲು ಬಿದ್ದಿತ್ತು. ಎತ್ತಿಕೊಂಡ. ತಲೆಯ ಮೇಲೆ ಗುಳಿಯಿತ್ತು.

ಮೇಲೆ ಗಾಡಿ ನಿಂತಿತ್ತು. ಮುಂದಿನ ಊರುಗಳಲ್ಲೂ ಇಳಿಜಾರಿತ್ತು, ಇಷ್ಟು ಚೆನ್ನಾಗಿ ಕೂರುವ ಕಲ್ಲು ಮತ್ತೆ ಸಿಗುವುದಿಲ್ಲ. ಕೆಳಗೆ ಸಂತೆಯಿತ್ತು. ಅಲ್ಲಿ ನೂರು ಜನ, ನೂರು ಬಾಯಿ. ಕಲ್ಲು ಕದ್ದವನು ಇವನೇ ಎಂದು ಎಲ್ಲರೂ ಸುತ್ತಿಕೊಳ್ಳುತ್ತಾರೆ. ವರ್ತಕ ಎರಡು ಕೈಯಲ್ಲಿ ಕಲ್ಲು ಹಿಡಿದು ಸ್ವಲ್ಪ ಹೊತ್ತು ನಿಂತ.

ಇಲ್ಲಿ ಗುರುಗಳೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೇಳಿದರು.

ವರ್ತಕ ಕೆಳಗೆ ನಡೆದ. ಕಲ್ಲನ್ನು ತಾಡಪಾಲಿನ ನಡುವೆಯೇ ಇಟ್ಟ. ತಪ್ಪು ನನ್ನದು ಎಂದ. ಆಲೂಗಡ್ಡೆಯವನು ಗೊಣಗಿಕೊಂಡು ಎದ್ದ. ಮುದುಕಿ ತನ್ನ ಜಾಗದಲ್ಲಿ ಕೂತು, ಗುಳಿಯಲ್ಲಿ ಅಡಿಕೆ ಇಟ್ಟು ಕುಟ್ಟಿದಳು. ವರ್ತಕನನ್ನು ಒಂದಿಷ್ಟು ಬೈದಳು. ಬೈದು ಮುಗಿಸಿ ಎರಡು ಗೆಣಸು ಕೊಟ್ಟಳು.

ಕತೆ ಮುಗಿಯಿತು. ನನಗೆ ಖುಷಿಯಾಯಿತು. ಕಲ್ಲು ವಾಪಸು ಕೊಟ್ಟವನಿಗೆ ಗೆಣಸು ಸಿಗುವುದಾದರೆ ನನಗೂ ಏನಾದರೂ ಸಿಕ್ಕೀತು. ಓಡಿಹೋಗಿ ಅಕ್ಕಿಯ ಪೀಪಾಯಿಯ ಹಿಂದೆ ಬಚ್ಚಿಟ್ಟಿದ್ದ ಕಲ್ಲನ್ನು ತಂದು ಗುರುಗಳ ಮುಂದಿಟ್ಟೆ.

“ತಗೊಳ್ಳಿ ಗುರುಗಳೇ, ನಿಮ್ಮ ಕಲ್ಲು. ಅಜ್ಜಿಗೂ ಸಿಕ್ಕಿತು, ನಿಮಗೂ ಸಿಕ್ಕಿತು. ನನಗೆ ಗೆಣಸೆಲ್ಲಿ?”

ಎಲ್ಲರೂ ಮತ್ತೆ ನಕ್ಕರು. ಗುರುಗಳು ನಗಲಿಲ್ಲ. ಕಲ್ಲಿನ ಗುಳಿಯಲ್ಲಿ ಹೆಬ್ಬೆರಳು ಇಟ್ಟರು.

“‘ವರ್ತಕ ಕೆಳಗೆ ನಡೆದ’ ಎಂಬುದು ನಾನು ಕಟ್ಟಿ ಹೇಳಿದ್ದು, ಮಗು. ಅವತ್ತು ನಾನು ಕೆಳಗೆ ನಡೆದಿದ್ದರೆ, ಬಚ್ಚಿಡಲು ನಿನಗೆ ಈ ಕಲ್ಲು ಸಿಗುತ್ತಿರಲಿಲ್ಲ.”